ಹಾಲವ್ವನಿಗೆ ಹೇಳಬೇಕಾದ ಮಾತು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನರ್ಸಿಂಗ್ ಶಾಲೆಯಲ್ಲಿ ಜೀರ್ಣಾಂಗಗಳ ಪಾಠ ಮಾಡುತ್ತಿದ್ದ ಫಿಲೋಮಿನಾ ಸಿಸ್ಟರ್. ಇದು ಪರೀಕ್ಷೆಗೆ ಬರುವುದಿಲ್ಲ, ವಾರ್ಡಿನಲ್ಲಿ ಬರುತ್ತದೆ ಎಂದಿದ್ದರು.

ಹೊಳೆದಂಡೆಯ ಒಂದು ಆಶ್ರಮದಲ್ಲಿ ಮರಿದೇವ ಪಂಡಿತರೆಂಬ ವೈದ್ಯರಿದ್ದರು. ಅವರ ಹತ್ತಿರ ಕೆಲವು ಶಿಷ್ಯರು ವೈದ್ಯ ಕಲಿಯುತ್ತಿದ್ದರು. ಎಲ್ಲರಿಗೂ ಬೇಯಿಸಿ ಹಾಕುತ್ತಿದ್ದವಳು ಪಂಡಿತರ ಅಕ್ಕ ಹಾಲವ್ವ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳೂ ಅವಳೇ.

ಶಿಷ್ಯರಲ್ಲಿ ಸಂಗಯ್ಯ ಜಾಣ. ತುತ್ತು ಬಾಯಿಗಿಟ್ಟಲ್ಲಿಂದ ಹೊರಗೆ ಬೀಳುವವರೆಗೆ ದಾರಿಯಲ್ಲಿ ಸಿಗುವ ಅಂಗಗಳ ಹೆಸರೆಲ್ಲ ಅವನ ನಾಲಿಗೆಯ ತುದಿಯಲ್ಲಿದ್ದವು. ಅನ್ನನಾಳ, ಆಮಾಶಯ, ಗ್ರಹಣಿ, ಪಕ್ವಾಶಯ. ಪಂಕ್ತಿಯಲ್ಲಿ ಕೂತಾಗಲೂ ಸುಮ್ಮನಿರುತ್ತಿರಲಿಲ್ಲ. ನಿನ್ನ ಮುದ್ದೆ ಈಗ ಇಂಥಲ್ಲಿಗೆ ಬಂತು ನೋಡು ಎಂದು ಪಕ್ಕದವನ ಊಟ ಕೆಡಿಸುತ್ತಿದ್ದ.

ಅಮಾವಾಸ್ಯೆಯ ದಿನ ಪಾಠವಿಲ್ಲ, ಪರೀಕ್ಷೆ. ಪಂಡಿತರು ರೋಗಿಯ ಹಾಗೆ ಹಲಗೆಯ ಮೇಲೆ ಮಲಗಿ ನರಳುತ್ತಿದ್ದರು. ಹೊದ್ದ ಪಂಚೆಯ ಕೆಳಗೆ, ಹೊಟ್ಟೆಯ ಮೇಲೆ ಎಲ್ಲಾದರೂ ಒಂದು ನಿಂಬೆಹಣ್ಣು ಕಟ್ಟಿಕೊಂಡಿರುತ್ತಿದ್ದರು. ಶಿಷ್ಯರು ಒಬ್ಬೊಬ್ಬರಾಗಿ ಒಳಗೆ ಬಂದು, ಪಂಚೆಯ ಮೇಲಿಂದಲೇ ಒತ್ತಿ ನೋಡಿ, ಅಂಗದ ಹೆಸರು, ರೋಗದ ಹೆಸರು, ಗುಣವಾಗುತ್ತದೋ ಇಲ್ಲವೋ, ಎಲ್ಲ ಹೇಳಬೇಕು. ಸರಿಯಾಗಿ ಹೇಳಿದವನಿಗೆ ಆ ಹಣ್ಣು.

ಆ ಅಮಾವಾಸ್ಯೆ ಮೊದಲು ಒಳಗೆ ಹೋದವನು ಸಂಗಯ್ಯ. ಉಳಿದವರು ಜಗುಲಿಯ ಮೇಲೆ ಕಾಯುತ್ತಿದ್ದರು.

ಪಂಡಿತರ ಮುಖ ಬಾಡಿತ್ತು. ಈ ಸಲ ನಟನೆ ಚೆನ್ನಾಗಿದೆ ಅಂದುಕೊಂಡ. ಏನು ತೊಂದರೆ ಎಂದು ಕೇಳಿದ. ಊಟ ಸೇರುತ್ತಿಲ್ಲ, ತಿಂದದ್ದು ನಿಲ್ಲುತ್ತಿಲ್ಲ, ಮೈ ಇಳಿದುಹೋಗಿದೆ ಎಂದರು ಪಂಡಿತರು. ಅವನು ಪಕ್ಕೆಲುಬಿನ ಕೆಳಗೆ ಬೆರಳೂರಿದ. ಗಟ್ಟಿಯಾಗಿ ಸಿಕ್ಕಿತು.

"ಅಂಗ ಆಮಾಶಯ, ಅದರ ಕೆಳಬಾಯಿ," ಎಂದ ಸಂಗಯ್ಯ. "ರೋಗ ಅರ್ಬುದ. ಲಕ್ಷಣ ಅರುಚಿ, ಛರ್ದಿ, ಕಾರ್ಶ್ಯ. ಸಾಧ್ಯವಲ್ಲ, ಕಷ್ಟಸಾಧ್ಯವೂ ಅಲ್ಲ. ಅಸಾಧ್ಯ."

"ಅನುಮಾನವಿಲ್ಲವಲ್ಲ?"

"ಇಲ್ಲ ಬುದ್ಧಿ. ಇನ್ನು ಹಣ್ಣು ಕೊಡಿ."

ಪಂಡಿತರು ಪಂಚೆ ಸರಿಸಿದರು. ಹೊಟ್ಟೆಯ ಮೇಲೆ ಏನೂ ಇರಲಿಲ್ಲ.

ಸಂಗಯ್ಯ ಕೈ ಹಿಂದೆ ತೆಗೆದುಕೊಂಡ. ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳಲಾಗಲಿಲ್ಲ.

"ಸರಿಯಾಗಿಯೇ ಹೇಳಿದೆ," ಎಂದರು ಪಂಡಿತರು. "ನನ್ನ ಬೆರಳೂ ಅದನ್ನೇ ಹೇಳಿತ್ತು. ಸ್ವಂತ ಹೊಟ್ಟೆ ನೋಡು, ನಂಬಿರಲಿಲ್ಲ."

ಅಡುಗೆಮನೆಯಿಂದ ಅರೆಯುವ ಕಲ್ಲಿನ ಸದ್ದು ಬರುತ್ತಿತ್ತು. ಪಂಡಿತರು ಅದನ್ನು ಕೇಳುತ್ತ ಮಲಗಿದ್ದಲ್ಲಿಂದಲೇ ಹೇಳಿದರು. ಯಾಕೆ ಉಣ್ಣುತ್ತಿಲ್ಲ ಎಂದು ಅಕ್ಕ ಕೇಳಿದಾಗ, ಅಗ್ನಿಮಾಂದ್ಯ, ಹೊಟ್ಟೆಯೊಳಗಿನ ಬೆಂಕಿ ಮಂದವಾಗಿದೆ ಎಂದು ತಾವು ಹೇಳಿಬಿಟ್ಟಿದ್ದರಂತೆ. ಅಂದಿನಿಂದ ಅವಳು ಆ ಬೆಂಕಿ ಹೊತ್ತಿಸಲು ಗಂಜಿಗೂ ಶುಂಠಿ, ಮಜ್ಜಿಗೆಗೂ ಶುಂಠಿ ಅರೆದು ಹಾಕುತ್ತಿದ್ದಾಳೆ. ಒಂದೊಂದು ಗುಟುಕೂ ಕೆಂಡ ನುಂಗಿದ ಹಾಗೆ. ತಟ್ಟೆ ಸರಿಸಿದರೆ, ನನ್ನ ಕೈಯಡುಗೆಯೇ ಕೆಟ್ಟಿತು ಅಂದುಕೊಂಡು ತಾನೂ ಉಣ್ಣದೆ ಮಲಗುತ್ತಾಳೆ.

"ಹೋಗಿ ಅವಳಿಗೆ ಹೇಳಿ ಬಾ."

"ನೀವೇ ಹೇಳಿದರೆ ಬುದ್ಧಿ..."

"ನನಗೆ ಬರಲಿಲ್ಲ ಕಣಪ್ಪ."

ಸಂಗಯ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ. ಆಮಾಶಯದ ಕೆಳಬಾಯಲ್ಲಿ ಅರ್ಬುದವಾಗಿರುವುದರಿಂದ ಆಹಾರ ಗ್ರಹಣಿಗೆ ಇಳಿಯುತ್ತಿಲ್ಲ, ಇದನ್ನು ಶಾಸ್ತ್ರ ಅಸಾಧ್ಯದಲ್ಲಿ ಎಣಿಸುತ್ತದೆ ಎಂದ. ಒಂದು ಹೆಸರೂ ತಪ್ಪಲಿಲ್ಲ. ಹಾಲವ್ವ ತಲೆಯಾಡಿಸುತ್ತ ಕೇಳಿಸಿಕೊಂಡಳು. ಅದಕ್ಕೆ ಗಂಜಿ ಇನ್ನೂ ತೆಳ್ಳಗೆ ಮಾಡಲೇನಪ್ಪಾ ಎಂದು ಕೇಳಿದಳು. ಅವನು ಹೂಂ ಎಂದು ಬಂದುಬಿಟ್ಟ.

"ಹೇಳಿದೆಯಾ?"

"ಹೇಳಿದೆ ಬುದ್ಧಿ."

"ಅವಳೇನು ಮಾಡುತ್ತಿದ್ದಾಳೆ?"

ಸಂಗಯ್ಯ ಕಿವಿಗೊಟ್ಟ. "ಶುಂಠಿ ಅರೆಯುತ್ತಿದ್ದಾರೆ."

"ಹಾಗಾದರೆ ಹೇಳಿಲ್ಲ."

ಅವನು ಮತ್ತೆ ಹೋದ. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ಒಳಗೆ ಹೋಗಿ ಹಾಲವ್ವನ ಎದುರು ನೆಲದ ಮೇಲೆ ಕೂತ. ಬಾಯಿಗೆ ಬಂದ ಹೆಸರುಗಳನ್ನು ಒಂದೊಂದಾಗಿ ನುಂಗಿದ. ಹೇಳಲು ಉಳಿದದ್ದು ತೀರಾ ಸ್ವಲ್ಪ.

"ಅವ್ವಾ, ಬುದ್ಧಿಯವರ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ. ಅನ್ನ ಕೆಳಗಿಳಿಯಲ್ಲ. ಇದಕ್ಕೆ ಮದ್ದಿಲ್ಲ. ಅವರು ಬಹಳ ದಿನ ಉಳಿಯಲ್ಲ."

ಕಲ್ಲು ನಿಂತಿತು.

"ನಿಮ್ಮ ಅಡುಗೆಯಿಂದ ಬಂದದ್ದಲ್ಲ," ಎಂದ.

ಹಾಲವ್ವ ಶುಂಠಿ ಮೆತ್ತಿದ ತನ್ನ ಕೈಯನ್ನೇ ನೋಡುತ್ತಿದ್ದಳು. "ಈ ಶುಂಠಿ ಅವನಿಗೆ ಉರೀತಿತ್ತಾ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಸಂಗಯ್ಯನ ಬಾಯಿ ಅದಕ್ಕೆ ತಯಾರಾಗಿಯೂ ಇತ್ತು. ಆದರೆ ಅವಳು ಅವನ ಮುಖ ನೋಡುತ್ತಿದ್ದಳು.

"ಉರೀತಿತ್ತು ಅವ್ವಾ."

ಅವಳು ಅಳಲಿಲ್ಲ. ಕಲ್ಲಿನ ಮೇಲಿದ್ದದ್ದನ್ನು ಬಳಿದು ಒಲೆಯ ಬೂದಿಗೆ ಹಾಕಿದಳು. ಕೈ ತೊಳೆದಳು, ಮೂಸಿ ನೋಡಿದಳು, ಮತ್ತೆ ತೊಳೆದಳು. ತಮ್ಮನ ಹತ್ತಿರ ಹೋಗಿ ಹಲಗೆಯ ಪಕ್ಕ ಕೂತಳು.

"ನಿನ್ನ ಬಾಯಿಗೇನಾಗಿತ್ತೋ? ಹೇಳಬಾರದಿತ್ತಾ?"

ಪಂಡಿತರು ಅವಳ ಕೈ ಹಿಡಿದು ಪಕ್ಕೆಲುಬಿನ ಕೆಳಗೆ ಇಟ್ಟರು. ಅವಳು ತಡವಿದಳು. ಕಣ್ಣು ಮುಚ್ಚಿದಳು. ಕೈ ತೆಗೆಯಲಿಲ್ಲ. ಒಲೆ ಆರುವವರೆಗೂ ಏಳಲಿಲ್ಲ.

ಸಂಗಯ್ಯ ಗೋಡೆಗೊರಗಿ ನಿಂತಿದ್ದ. ತಡೆಯಲಾರದೆ ಕೇಳಿದ.

"ಇಷ್ಟೇ ಹೇಳುವುದಾಗಿದ್ದರೆ ಆ ಹೆಸರನ್ನೆಲ್ಲ ಯಾಕೆ ಕಲಿಸಿದಿರಿ ಬುದ್ಧಿ?"

"ಕೈಗೆ ಸಿಕ್ಕಿದ್ದು ಏನಂತ ನಿನಗೆ ಗೊತ್ತಾಗಲಿ ಅಂತ."

ಆಮೇಲೆ ಪಂಡಿತರು ಜಗುಲಿಯ ಕಡೆ ನೋಡಿದರು. ಅಲ್ಲಿ ಉಳಿದ ಶಿಷ್ಯರು, ತಮ್ಮ ಸರದಿ ಯಾವಾಗ ಬರುತ್ತದೋ ಎಂದು ಹೆಸರುಗಳನ್ನು ಬಾಯಿಪಾಠ ಮಾಡುತ್ತಿದ್ದರು.

"ಅವರಿಗೂ ಹೋಗಿ ಹೇಳು. ಈ ಸಲ ಒಂದೇ ಸಲಕ್ಕೆ ಹೇಳು."