ನೇಕಾರನ ರೈಫಲ್, ಪತ್ತಾರನ ಕಿವಿ

"ಗುರುಗಳೇ, ಸದ್ದು ಕಡಿಮೆ ಇರಬೇಕು, ಗುರಿ ತಪ್ಪಬಾರದು, ನನ್ನ ಸಂಬಳಕ್ಕೂ ನಿಲುಕಬೇಕು. ಅಂಥ ಏರ್ ರೈಫಲ್ ಯಾವುದು?"

ಹೀಗೆ ಕೇಳಿದವಳು ಕಸ್ತೂರಿ. ತಹಸೀಲ್ದಾರ್ ಕಚೇರಿಯಲ್ಲಿ ಗುಮಾಸ್ತೆ. ಎಂಟು ತಿಂಗಳಿಂದ ನಾಗನಗೌಡ ಮಾಸ್ತರರ ಬಳಿ ಗುರಿ ಹೊಡೆಯುವುದನ್ನು ಕಲಿಯುತ್ತಿದ್ದಳು. ಮಾಸ್ತರರು ಸೈನ್ಯದಿಂದ ನಿವೃತ್ತರಾಗಿ ಬಂದವರು. ಮುಚ್ಚಿಹೋದ ಹತ್ತಿ ಗೋದಾಮೊಂದರಲ್ಲಿ ಆಸಕ್ತರಿಗೆ ಶೂಟಿಂಗ್ ಹೇಳಿಕೊಡುತ್ತಿದ್ದರು. ಇಷ್ಟು ದಿನ ಕಸ್ತೂರಿ ಅಲ್ಲಿಯ ರೈಫಲ್ಲನ್ನೇ ಬಳಸಿದ್ದಳು. ಈಗ ಮನೆಯಲ್ಲೂ ಅಭ್ಯಾಸ ಮಾಡಬೇಕೆಂಬ ಆಸೆ ಹುಟ್ಟಿತ್ತು. ಫೋನಿನಲ್ಲಿ ಮೂರು ರೈಫಲ್‌ಗಳ ಚಿತ್ರ ತೆಗೆದು ಮಾಸ್ತರರ ಮುಂದೆ ಹಿಡಿದಳು.

ಮಾಸ್ತರರು ಚಿತ್ರ ನೋಡಲಿಲ್ಲ. "ಕೂಡು ತಂಗಿ" ಎಂದರು. ಅವಳು ಕುಳಿತಳು. ಅವರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಊರ ಹೊರಗಿನ ಶೆಡ್ಡಿನಲ್ಲಿ ವಿದ್ಯುತ್ ಮಗ್ಗ ನಡೆಸುತ್ತಿದ್ದ. ನಲವತ್ತು ಮಗ್ಗಗಳ ನಡುವೆ ಇಪ್ಪತ್ತಾರು ವರ್ಷ ನಿಂತು ಅವನ ಕಿವಿ ಮಂದವಾಗಿತ್ತು. ಎದುರು ನಿಂತು ಕೂಗಿದರೆ ಮಾತು ತಿಳಿಯುತ್ತಿತ್ತು. ಮೆಲ್ಲಗೆ ಆಡಿದರೆ ತುಟಿ ಅಲುಗುವುದಷ್ಟೇ ಕಾಣುತ್ತಿತ್ತು. ಅವನ ಹೆಂಡತಿಯೂ ಅದೇ ಶೆಡ್ಡಿನಲ್ಲಿ ನೂಲು ಸುತ್ತಿದವಳು. ಅವಳ ಕಿವಿಯೂ ಅಷ್ಟಕ್ಕಷ್ಟೆ.

ನಲವತ್ತೈದು ದಾಟಿದ ಮೇಲೆ ನೇಕಾರನಿಗೆ ಗುರಿ ಹೊಡೆಯುವ ಗೀಳು ಹತ್ತಿತು. ಗೆಳೆಯನೊಬ್ಬ ಒಂದು ಭಾನುವಾರ ಅವನನ್ನು ಕ್ಲಬ್ಬಿಗೆ ಕರೆದುಕೊಂಡು ಹೋಗಿದ್ದ. ದಿನವಿಡೀ ಓಡುವ ಮಗ್ಗದ ಹಿಂದೆ ಓಡುತ್ತಿದ್ದವನಿಗೆ, ಉಸಿರು ಹಿಡಿದು ಅಲುಗದೆ ನಿಲ್ಲುವ ಆ ಒಂದು ಗಳಿಗೆ ತುಂಬ ಹಿಡಿಸಿತು. ತನ್ನದೇ ಒಂದು ರೈಫಲ್ ಬೇಕೆನಿಸಿತು. ಆದರೆ ಕೈ ಬಿಗಿಯಿತ್ತು. ಮನೆಯೂ ಒತ್ತೊತ್ತಾದ ಓಣಿಯಲ್ಲಿತ್ತು. ಆದ್ದರಿಂದ ಅವನು ಆತುರ ಮಾಡಲಿಲ್ಲ. ಕ್ಲಬ್ಬಿನವರನ್ನು ಕೇಳಿದ. ಮಗ್ಗದ ಮಾಲೀಕನ ಅಳಿಯನನ್ನು ಕೇಳಿದ. ಪಟ್ಟಣದ ಅಂಗಡಿಗೆ ಎರಡು ಸಲ ಹೋಗಿ ಬಂದ. ಹೋದಲ್ಲೆಲ್ಲ ಅವನ ಮೊದಲ ಪ್ರಶ್ನೆ ಒಂದೇ, ಸದ್ದು ಎಷ್ಟು ಬರುತ್ತದೆ ಎಂದು.

ಅಂಗಡಿಯವನು ಒಂದು ರೈಫಲ್ ತೋರಿಸಿ, "ಬೆಕ್ಕು ಸೀನಿದಷ್ಟು ರೀ, ಅದಕ್ಕಿಂತ ಹೆಚ್ಚಿಲ್ಲ" ಎಂದು ಗಟ್ಟಿಯಾಗಿ ಹೇಳಿದ. ನೇಕಾರ ಅದನ್ನೇ ಕೊಂಡ. ಹಿತ್ತಲಿನ ಕೊನೆಯಲ್ಲಿ ತಗಡಿನ ಡಬ್ಬಿ ಇಟ್ಟು, ಅದರ ಮುಂದೆ ಗುರಿಯ ಕಾಗದ ಅಂಟಿಸಿ ಮೊದಲ ಗುಂಡು ಹೊಡೆದ. ಅವನಿಗೆ ಏನೂ ಕೇಳಿಸಲಿಲ್ಲ. ಒಳಗಿದ್ದ ಹೆಂಡತಿಯನ್ನು ವಿಚಾರಿಸಿದ. ಅವಳಿಗೂ ಕೇಳಿಸಿರಲಿಲ್ಲ. ಅಂಗಡಿಯವನು ಸಾಚಾ ಮನುಷ್ಯ ಎಂದುಕೊಂಡ.

ಹಿತ್ತಲ ಗೋಡೆಗೆ ಹೊಂದಿಕೊಂಡೇ ಒಬ್ಬ ಪತ್ತಾರನ ಮನೆಯಿತ್ತು. ಅವನು ಚಿನ್ನದ ಕೆಲಸದವನು. ಹಳೆಯ ಒಡವೆಗಳಿಗೆ ಹರಳು ಕೂರಿಸುವುದರಲ್ಲಿ ಆ ಭಾಗದಲ್ಲೇ ಅವನಂಥವನಿಲ್ಲ. ಹರಳಿನ ಅಂಚಿಗೆ ಚಿನ್ನವನ್ನು ಸಣ್ಣ ಉಳಿಯಿಂದ ಒತ್ತಿ ಒತ್ತಿ ಕೂರಿಸಬೇಕು. ಕೂದಲೆಳೆಯಷ್ಟು ಕೈ ಜಾರಿದರೂ ಹರಳು ಒಡೆಯುತ್ತದೆ.

ನೇಕಾರನ ಮೊದಲ ಗುಂಡಿಗೆ ಪತ್ತಾರ ಬೆಚ್ಚಿಬಿದ್ದ. ಎರಡನೆಯದಕ್ಕೆ ಎದ್ದು ನಿಂತ. ಗೋಡೆಯ ಮೇಲಿಂದ ಇಣುಕಿ ನೋಡಿದ. ನೇಕಾರ ರೈಫಲ್ ಹಿಡಿದು, ಕಣ್ಣು ಕಿರಿದು ಮಾಡಿ, ದೇವರ ಮುಂದೆ ನಿಂತವನ ಹಾಗೆ ನಿಂತಿದ್ದ. ಪತ್ತಾರ ಏನೂ ಹೇಳದೆ ಇಳಿದ.

ಮುಂದೆ ಪ್ರತಿ ಸಂಜೆಯೂ ಗುಂಡು ಬಿತ್ತು. ಪತ್ತಾರ ಅದಕ್ಕೆ ಒಂದು ದಾರಿ ಕಂಡುಕೊಂಡ. ನೇಕಾರನದು ಮಗ್ಗದಲ್ಲಿ ಪಳಗಿದ ಕೈ. ಅವನ ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಸರಿಯಾಗಿ ಒಂದು ನಿಮಿಷ. ನಿಮಿಷ ತುಂಬುವ ಮೊದಲೇ ಪತ್ತಾರ ಹರಳಿನ ಮೇಲಿಂದ ಉಳಿ ಎತ್ತುತ್ತಿದ್ದ. ಸದ್ದು ಬಂದು ಹೋದ ಮೇಲೆ ಮತ್ತೆ ಇಡುತ್ತಿದ್ದ. ಅರ್ಧ ಗಂಟೆಯ ಕೆಲಸಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ಹೀಗೆ ಎರಡು ವರ್ಷ ನಡೆಯಿತು.

ಒಂದು ದಿನ ನೇಕಾರನ ಹೆಂಡತಿಯ ಮೂಗುತಿಯ ತಿರುಪು ಸಡಿಲವಾಯಿತು. ಸಂಜೆ ಅದನ್ನು ತೆಗೆದುಕೊಂಡು ನೇಕಾರ ಪತ್ತಾರನ ಮನೆಗೆ ಹೋದ. ಪತ್ತಾರ ಕಿವಿಯ ಬುಗುಡಿಯೊಂದಕ್ಕೆ ಕೆಂಪು ಹರಳು ಕೂರಿಸುತ್ತಿದ್ದ. ಅದು ಯಾರದೋ ಅಜ್ಜಿಯ ಕಾಲದ ಬುಗುಡಿ. ಇದೊಂದು ಮುಗಿಸುತ್ತೇನೆ, ಕೂತಿರಿ ಎಂದು ಕೈಸನ್ನೆ ಮಾಡಿದ. ನೇಕಾರ ಎದುರಿಗೆ ಕೂತು ಅವನ ಬೆರಳುಗಳನ್ನೇ ನೋಡತೊಡಗಿದ. ಇಷ್ಟು ನಿಶ್ಚಲವಾದ ಕೈಯನ್ನು ಕ್ಲಬ್ಬಿನಲ್ಲೂ ಅವನು ನೋಡಿರಲಿಲ್ಲ.

ಥಟ್ಟನೆ ಆ ಕೈ ಹಾರಿತು.

ಪತ್ತಾರನ ಹೆಗಲು ಕುಗ್ಗಿತು. ಕಣ್ಣು ಒಮ್ಮೆ ಮುಚ್ಚಿ ತೆರೆಯಿತು. ನೇಕಾರನಿಗೆ ಏನಾಯಿತೆಂದು ತಿಳಿಯಲಿಲ್ಲ. "ಏನಾತ್ರಿ?" ಎಂದ. ಪತ್ತಾರ ಏನಿಲ್ಲವೆಂದು ತಲೆಯಾಡಿಸಿ ಮತ್ತೆ ಉಳಿ ಇಟ್ಟ. ನಾಲ್ಕೈದು ಉಸಿರಿನ ಹೊತ್ತು ಕಳೆದಿತ್ತು, ಅಷ್ಟೆ. ಕೈ ಮತ್ತೆ ಹಾರಿತು. ಈ ಸಲ ಉಳಿ ಹರಳಿಗೆ ಬಡಿಯಿತು. ಕೆಂಪು ಹರಳು ನಡುವೆ ಸೀಳಿತು.

ನೇಕಾರ ಗೋಡೆಯ ಕಡೆ ನೋಡಿದ. ಆ ದಿನ ಅವನ ಹೆಂಡತಿಯ ತಮ್ಮ ಊರಿಂದ ಬಂದಿದ್ದ. ನಾನೂ ನಾಲ್ಕು ಗುಂಡು ಹೊಡೆದು ನೋಡುತ್ತೇನೆ ಎಂದು ಹಿತ್ತಲಿಗೆ ಹೋಗಿದ್ದ. ಅವನಿಗೆ ನಿಮಿಷದ ಲೆಕ್ಕ ಗೊತ್ತಿರಲಿಲ್ಲ. ಗುಂಡು ತುಂಬಿದ ಹಾಗೆಲ್ಲ ಹೊಡೆಯುತ್ತಿದ್ದ. ಪತ್ತಾರನ ಮೈ ಮೂರನೆಯ ಸಲವೂ ಹಾರಿದಾಗ, ಗೋಡೆಯಾಚೆ ಗುಂಡು ಬಿದ್ದಾಗಲೆಲ್ಲ ಇಲ್ಲಿ ಹೀಗಾಗುತ್ತಿದೆ ಎಂದು ನೇಕಾರನಿಗೆ ಹೊಳೆಯಿತು. ತನ್ನ ರೈಫಲ್ಲಿನ ಸದ್ದು ಅವನಿಗೆ ಮೊದಲ ಬಾರಿಗೆ ತಿಳಿದದ್ದು ಹಾಗೆ. ಅವನು ಅದನ್ನು ಕಣ್ಣಿನಿಂದ ಕಂಡ.

ಪತ್ತಾರನ ತಾಳ್ಮೆ ಅಂದು ತಪ್ಪಿತು. ಎದ್ದು ನಿಂತು, ಓಣಿಗೆಲ್ಲ ಕೇಳುವಂತೆ ಒದರಿದ. "ಎರಡು ವರ್ಷ ಆತು! ದಿನಾ ಸಂಜೀಕ ನಿಮ್ಮ ಗುಂಡಿಗೆ ನಾ ಉಳಿ ಎತ್ತಿ ಹಿಡದು ಕಾಯ್ತೀನಿ! ನಿಮಗ ಕೇಳಂಗಿಲ್ಲ, ನನಗ ಕೇಳ್ತದ!"

ನೇಕಾರನ ಮುಖ ಬಿಳಿಚಿಕೊಂಡಿತು. "ಒಂದು ಮಾತು ಹೇಳಬಾರದಾಗಿತ್ತೇನ್ರಿ?" ಎಂದ.

"ಹೆಂಗ ಹೇಳಲಿ? ನಿಮಗ ಹೇಳಬೇಕಂದ್ರ ಒದರಬೇಕು. ಒದರಿದ್ರ ಜಗಳ ಆಗ್ತದ. ಬಾಜೂ ಮನಿಯವ್ರ ಕೂಡ ಜಗಳ ಯಾಕಂತ ಸುಮ್ಮನಿದ್ದೆ."

ಬಾಗಿಲಿಗೆ ಮೂರು ನಾಲ್ಕು ಜನ ಬಂದು ನಿಂತಿದ್ದರು. ನೇಕಾರ ತಲೆ ತಗ್ಗಿಸಿ ಹೊರಗೆ ನಡೆದ. ಮೂಗುತಿಯನ್ನು ಅಲ್ಲೇ ಮರೆತ.

ಮರುದಿನ ಪತ್ತಾರ ಬುಗುಡಿಯ ಒಡತಿಯ ಮನೆಗೆ ಹೊರಟಾಗ ನೇಕಾರ ಅವನ ಹಿಂದೆಯೇ ಹೋದ. ಕರೆಯದಿದ್ದರೂ ಹೋದ. ತಪ್ಪು ನನ್ನದು ಎಂದು ಆ ಮನೆಯ ಹೆಂಗಸಿನ ಮುಂದೆ ಹೇಳಿಕೊಂಡ. ಅವಳು ಇಬ್ಬರನ್ನೂ ಬಾಯಿಗೆ ಬಂದಂತೆ ಬೈದಳು, ಅತ್ತಳು, ಕೊನೆಗೆ ಹೊಸ ಹರಳಿಗೆ ಒಪ್ಪಿದಳು. ಅಂಥದೇ ಬಣ್ಣದ ಹರಳು ಹುಡುಕಲು ಇಬ್ಬರೂ ಮೂರು ಊರು ತಿರುಗಿದರು.

ನೇಕಾರ ರೈಫಲ್ಲನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟ. ಎರಡು ತಿಂಗಳು ಮುಟ್ಟಲಿಲ್ಲ. ಸಂಜೆ ಮನೆಗೆ ಬಂದರೆ ಏನು ಮಾಡಬೇಕೆಂದು ತೋಚದೆ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಊಟ ಸೇರುತ್ತಿರಲಿಲ್ಲ. ಹೆಂಡತಿಯ ಮೇಲೆ ಕಾರಣವಿಲ್ಲದೆ ರೇಗುತ್ತಿದ್ದ. ಪತ್ತಾರ ಹೋಗುತ್ತ ಬರುತ್ತ ಇದನ್ನು ನೋಡುತ್ತಿದ್ದ. ಒಂದು ದಿನ ಬಂದು ಅವನ ಪಕ್ಕ ಕೂತ. ಬಾಯನ್ನು ಅವನ ಕಿವಿಯ ಹತ್ತಿರ ತಂದು ಹೇಳಿದ. "ನಾ ಅವತ್ತ ಹೇಳಿದ್ದು ಸದ್ದಿನ ಮಾತು. ಹೊಡೀಬ್ಯಾಡ್ರಿ ಅಂತ ಅಂದಿಲ್ಲ. ನಾಳೆ ಅಂಗಡಿಗೆ ಹೋಗೂಣು. ನಾನೂ ಬರ್ತೀನಿ."

ಹಳೆಯ ರೈಫಲ್ಲನ್ನು ಕೊಟ್ಟು ಬೇರೊಂದು ಪಡೆಯಲು ಇಬ್ಬರೂ ಪಟ್ಟಣಕ್ಕೆ ಹೋದರು. ಅಂಗಡಿಯ ಹಿಂದೆ ಗುರಿ ಹೊಡೆದು ನೋಡಲು ಒಂದು ಉದ್ದನೆಯ ಜಾಗವಿತ್ತು. ನೇಕಾರ ಅಲ್ಲಿ ನಿಂತ. ಪತ್ತಾರ ಗೋಡೆಯ ಈಚೆ ಕೂತ. ಅವನು ಸದ್ದಿಗೆ ಕಿವಿಗೊಟ್ಟು ಕಾಯಲಿಲ್ಲ. ಚೀಲದಿಂದ ತುಂಡಾದ ಸರವೊಂದನ್ನು ತೆಗೆದು, ಅದರ ಕೊಂಡಿಗಳನ್ನು ಜೋಡಿಸುವ ಕೆಲಸಕ್ಕೆ ತೊಡಗಿದ.

ಅಂಗಡಿಯವನು ಮೊದಲು ಕೊಟ್ಟದ್ದು ಎಲ್ಲಕ್ಕಿಂತ ಜೋರಿನದು. ಗುಂಡಿನ ವೇಗವನ್ನು ದೊಡ್ಡ ಅಕ್ಷರದಲ್ಲಿ ಅದರ ಪೆಟ್ಟಿಗೆಯ ಮೇಲೆ ಬರೆದಿತ್ತು. ಮೊದಲ ಗುಂಡಿಗೇ ಕೊಂಡಿ ಪತ್ತಾರನ ಕೈಯಿಂದ ನೆಲಕ್ಕೆ ಬಿತ್ತು. ಎರಡನೆಯದರ ಸದ್ದು ಸಣ್ಣದು, ಆದರೆ ಒಳಗಿನ ಸ್ಪ್ರಿಂಗು ಪ್ರತಿ ಸಲವೂ ಝುಂಯ್ ಎಂದು ಕಂಪಿಸುತ್ತಿತ್ತು. ಪತ್ತಾರ ಹಲ್ಲು ಕಚ್ಚಿಕೊಂಡ. ಕಾಗದದ ಮೇಲೆಯೂ ತೂತುಗಳು ಚೆದುರಿದ್ದವು. ಮೂರನೆಯದನ್ನು ಅಂಗಡಿಯವನು ಅಷ್ಟು ಮನಸ್ಸಿಲ್ಲದೆ ತೆಗೆದ. ನೋಡಲು ಸಾದಾ, ಹಿಡಿಯಲು ಭಾರ, ಬೆಲೆಯೂ ಕಡಿಮೆ. ನೇಕಾರ ಹತ್ತು ಗುಂಡು ಹೊಡೆದು ಈಚೆ ಬಂದ. ಪತ್ತಾರ ತಲೆ ಎತ್ತಿ, "ಇನ್ನೂ ಯಾಕ ಶುರು ಮಾಡಿಲ್ಲ?" ಎಂಬಂತೆ ನೋಡಿದ. ಅವನ ಕೈಯಲ್ಲಿ ಸರ ಪೂರ್ತಿಯಾಗಿತ್ತು. ನೇಕಾರನ ಕಾಗದದಲ್ಲಿ ಹತ್ತು ತೂತುಗಳೂ ಒಂದು ರೂಪಾಯಿ ನಾಣ್ಯದಡಿ ಮುಚ್ಚುವಂತಿದ್ದವು.

"ಇದರಾಗ ಜೋರಿಲ್ಲರಿ, ದೂರ ಹೋಗಂಗಿಲ್ಲ" ಎಂದ ಅಂಗಡಿಯವನು.

"ನನ್ನ ಹಿತ್ತಲ ಇರೂದ ಹತ್ತು ಮೀಟರ್" ಎಂದ ನೇಕಾರ.

ಅದನ್ನೇ ಕೊಂಡು ಮನೆಗೆ ಬಂದು ಹಿತ್ತಲಿನಲ್ಲಿ ಹೊಡೆದು ನೋಡಿದರು. ಪತ್ತಾರ ಕಣ್ಣು ಮುಚ್ಚಿ ಪಕ್ಕದಲ್ಲಿ ನಿಂತಿದ್ದ. ಅವನು ಎರಡು ಬೆರಳು ತೋರಿಸಿದ. ಒಂದು ಗುಂಡಿಗೆ ಎರಡು ಸದ್ದು, ಮೊದಲನೆಯದು ರೈಫಲ್ಲಿನದು, ಎರಡನೆಯದು ಗುಂಡು ತಗಡಿಗೆ ಬಡಿದದ್ದು, ಹೆಚ್ಚು ಕೆಟ್ಟದ್ದು ಎರಡನೆಯದೇ ಎಂದು ಕೂಗಿ ತಿಳಿಸಿದ. ನೇಕಾರ ಬೆರಗಾದ. ಎರಡು ವರ್ಷ ಅಲ್ಲಿ ನಿಂತು ಹೊಡೆದವನಿಗೆ ಎರಡನೆಯ ಸದ್ದೊಂದು ಇದೆಯೆಂದೇ ಗೊತ್ತಿರಲಿಲ್ಲ. ಅವನು ಶೆಡ್ಡಿನಿಂದ ಬಿಸಾಡುವ ನೂಲಿನ ಚಿಂದಿಯನ್ನು ಮೂಟೆ ಕಟ್ಟಿ ತಂದ. ತಗಡಿನ ಡಬ್ಬಿ ತೆಗೆದು, ದಪ್ಪ ಮರದ ಪೆಟ್ಟಿಗೆಯಲ್ಲಿ ಚಿಂದಿಯನ್ನು ಗಟ್ಟಿಯಾಗಿ ತುರುಕಿ, ಅದರ ಮುಂದೆ ಕಾಗದ ಕಟ್ಟಿದ. ಪತ್ತಾರ ತನ್ನ ಮನೆಗೆ ಹೋಗಿ ಕೂತು ಕೇಳಿದ. ನಂತರ ಗೋಡೆಯ ಮೇಲೆ ಅವನ ಮುಖ ಕಂಡಿತು. ಅವನು ನಗುತ್ತಿದ್ದ.

ಒಂದು ಸಂಜೆ ಪತ್ತಾರ ಗುಂಡುಗಳ ಡಬ್ಬಿಯನ್ನು ಕೈಯಲ್ಲಿ ಹಿಡಿದು ನೋಡಿದ. ಅವೆಲ್ಲ ಒಂದೇ ತೂಕದವು ಎಂದು ನೇಕಾರ ನಂಬಿದ್ದ. ಪತ್ತಾರ ತನ್ನ ಸಣ್ಣ ತಕ್ಕಡಿ ತಂದು ಒಂದೊಂದನ್ನೇ ತೂಗಿದ. ಒಂದರಂತೆ ಒಂದಿರಲಿಲ್ಲ. ಸರಿಸಮ ತೂಗಿದವನ್ನು ಬೇರೆ ಡಬ್ಬಿಗೆ ಹಾಕಿಕೊಟ್ಟ. ಉಳಿದವು ಅಭ್ಯಾಸಕ್ಕಾದವು. ಅಂದಿನಿಂದ ವಾರಕ್ಕೊಮ್ಮೆ ಅವನು ಗುಂಡು ತೂಗುವುದು, ನೇಕಾರ ಚಹಾ ತರುವುದು ರೂಢಿಯಾಯಿತು. ಆ ವರ್ಷ ಜಿಲ್ಲೆಯ ಸ್ಪರ್ಧೆಯಲ್ಲಿ ನೇಕಾರ ಮೂರನೆಯವನಾದ. ಅವನಿಗೆ ಅದಕ್ಕಿಂತ ಹೆಚ್ಚು ಸಂತೋಷವಾದದ್ದು ಬೇರೊಂದು ದಿನ. ತಾನು ಹೊಡೆಯುತ್ತಿರುವಾಗಲೇ ಹೆಂಡತಿಯನ್ನು ಪತ್ತಾರನ ಮನೆಗೆ ಕಳುಹಿಸಿ, ಅವನು ಉಳಿ ಎತ್ತುತ್ತಾನೆಯೇ ನೋಡಿ ಬಾ ಎಂದಿದ್ದ. ಅವಳು ಬಂದು, ಇಲ್ಲ, ಒಂದು ಸಲವೂ ಎತ್ತಲಿಲ್ಲ ಎಂದಳು.

ಮಾಸ್ತರರು ಕತೆ ನಿಲ್ಲಿಸಿದರು.

ಕಸ್ತೂರಿ ಫೋನನ್ನು ಮತ್ತೆ ಕೈಗೆತ್ತಿಕೊಂಡಳು. "ತಿಳಿಯಿತು ಗುರುಗಳೇ. ಹಾಗಾದರೆ ನೇಕಾರ ಕೊಂಡ ಆ ಮೂರನೆಯ ರೈಫಲ್ಲನ್ನೇ ಕೊಳ್ಳುತ್ತೇನೆ. ಅದರ ಹೆಸರೇನು?"

"ಹೇಳುತ್ತೇನೆ. ಅದಕ್ಕೆ ಮೊದಲು ನಿನ್ನ ಗೋಡೆಯಾಚೆ ಇರುವವರ ಹೆಸರು ಹೇಳು" ಎಂದರು ಮಾಸ್ತರರು.

ಕಸ್ತೂರಿ ಫೋನನ್ನು ಚೀಲಕ್ಕೆ ಹಾಕಿ, ಪಕ್ಕದ ಮನೆಯವರ ಹೆಸರು ಕೇಳಿಕೊಂಡು ಬರಲು ಎದ್ದಳು.