ಥರ್ಮಾಮೀಟರಿಗೂ ಒಂದು ಸುತ್ತು

ಆಯುಧಪೂಜೆಯ ಸಂಜೆ ಹೂ ಮಾರುವ ಸಣ್ಣಮ್ಮ ಜ್ವರದಲ್ಲಿ ಸುಡುತ್ತಿದ್ದ ಮಗಳನ್ನು ಹೊತ್ತು ಕ್ಲಿನಿಕ್ಕಿಗೆ ಬಂದಳು. ಮೇಜಿನ ಮೇಲೆ ಸ್ಟೆತಾಸ್ಕೋಪು, ಥರ್ಮಾಮೀಟರು ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು.

“ಪೂಜೆಗಿಟ್ಟಿದ್ದನ್ನ ನಾಳೆವರೆಗೂ ಮುಟ್ಟೋ ಹಾಗಿಲ್ಲಮ್ಮ,” ಅಂದರು ಡಾಕ್ಟರು.

ಸಣ್ಣಮ್ಮ ಬಾಗಿಲಾಚೆ ನಿಂತಿದ್ದ ಅವರ ಕಾರು ನೋಡಿದಳು. ಅದಕ್ಕೂ ಕುಂಕುಮ ಹಚ್ಚಿದ್ದರು. ಚಕ್ರದ ಹಿಂದೆ ನಿಂಬೆಹಣ್ಣು ಅಪ್ಪಚ್ಚಿಯಾಗಿ ಬಿದ್ದಿತ್ತು.

“ಪೂಜೆ ಆದ ಮೇಲೆ ಕಾರನ್ನ ಒಂದು ಸುತ್ತು ಓಡಿಸಿದ್ದೀರಲ್ಲ ಸ್ವಾಮಿ. ಥರ್ಮಾಮೀಟರಿಗೂ ನನ್ನ ಮಗಳ ಕಂಕುಳಲ್ಲಿ ಒಂದು ಸುತ್ತು ಆಗಲಿ.”

ಡಾಕ್ಟರು ಥರ್ಮಾಮೀಟರಿನ ಕುಂಕುಮ ಒರೆಸಿ ಮಗಳ ಕಂಕುಳಲ್ಲಿಟ್ಟರು. ನೂರಮೂರು ಡಿಗ್ರಿ ತೋರಿಸಿತು. ಔಷಧಿ ಚೀಟಿ ಬರೆದುಕೊಟ್ಟರು.

ಊರಿಗೆ ಇದ್ದ ಒಂದೇ ಔಷಧಿ ಅಂಗಡಿಯ ಬಾಗಿಲಿಗೂ ಪೂಜೆಯಾಗಿ ಬೀಗ ಬಿದ್ದಿತ್ತು. ಅದಕ್ಕೂ ಸಣ್ಣಮ್ಮನ ಹತ್ತಿರ ಮಾತಿತ್ತು. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಆ ಚೀಟಿಯಲ್ಲೇ ಮಗಳಿಗೆ ಗಾಳಿ ಬೀಸುತ್ತಾ ಅಂಗಡಿಯ ಮೆಟ್ಟಿಲ ಮೇಲೆ ಕೂತಳು.