ನಡುವಿನ ಹಲಗೆ

“ಎರಡು ಕಡೆಯ ದೂರುಗಳು ಒಂದಕ್ಕೊಂದು ಹೊಂದುವಂತೆ ಮಾಡುವುದು ಹೇಗೆ, ಗುರುಗಳೇ?” ಎಂದು ಸಂಗಯ್ಯ ಕೇಳಿದ. ದನಿಯಲ್ಲಿ ಸಿಟ್ಟಿತ್ತು.

ಮಠದ ಆಸ್ಪತ್ರೆಯಲ್ಲಿ ಹಾಸಿಗೆ, ದೀಪ, ನಲ್ಲಿ ಕೆಟ್ಟಿದೆಯೆಂದು ರೋಗಿಗಳು ಕೊಡುವ ದೂರುಗಳನ್ನು ನೋಡಿಕೊಳ್ಳುವವನು ಅವನು. ದುರಸ್ತಿಯ ಕೆಲಸ ಊರಾಚೆಯ ಇನ್ನೊಂದು ಕಚೇರಿಯದು. ಎರಡಕ್ಕೂ ಬೇರೆ ಬೇರೆ ಕಂಪ್ಯೂಟರ್ ವ್ಯವಸ್ಥೆ. ಇವನು ಕಳಿಸಿದ ಎಷ್ಟೋ ದೂರುಗಳು ಅಲ್ಲಿಗೆ ತಲುಪುತ್ತಿರಲಿಲ್ಲ. ಅಲ್ಲಿ ಮುಗಿದದ್ದು ಇಲ್ಲಿ ಬಾಕಿ ಎಂದೇ ತೋರುತ್ತಿತ್ತು.

“ಆ ಕಚೇರಿಯವರು ಸೋಮಾರಿಗಳು, ಬೈಗುಳ ಮಾತ್ರ ನನಗೆ. ಎರಡೂ ಕಡೆ ಒಂದೇ ಮಾತು ಕಂಡರೆ ನನಗೆ ಅಷ್ಟೇ ಸಾಕು” ಎಂದ.

ಗುರುಗಳು ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ಒಂದು ಹೊಳೆಗೆ ಮರದ ಸೇತುವೆಯಿತ್ತು. ಎರಡು ದಡದಲ್ಲಿ ಎರಡು ಊರು, ಊರಿಗೊಂದು ಚಾವಡಿ. ಸೇತುವೆ ಎರಡೂ ಊರಿಗೆ ಸೇರಿದ್ದು. ಈ ದಡದ ಒಬ್ಬ ಸೂಲಗಿತ್ತಿ ಹೆರಿಗೆ ಮಾಡಿಸಲು ಆ ದಡಕ್ಕೂ ಹೋಗುತ್ತಿದ್ದಳು. ನಡುವಿನ ಹಲಗೆ ಕೊಳೆತದ್ದನ್ನು ಕಂಡು ತನ್ನ ಊರಿನ ಚಾವಡಿಯಲ್ಲಿ ತಿಳಿಸಿದಳು. ಬಡಗಿ ಇದ್ದದ್ದು ಆ ದಡದಲ್ಲಿ. ಈ ಚಾವಡಿಯ ಅಧಿಕಾರಿ ಆಚೆಗೆ ಆಳು ಕಳಿಸಿದ. ಆಳು “ಸೇತುವೆಯ ಹಲಗೆ ಕೊಳೆತಿದೆ” ಎಂದನೇ ಹೊರತು, ನಡುವಿನದು ಎನ್ನಲಿಲ್ಲ. ಬಡಗಿ ಆ ದಡದ ತುದಿಯಲ್ಲಿದ್ದ ಒಂದು ಹಳೆಯ ಹಲಗೆಯನ್ನು ಬದಲಿಸಿದ. ಆಯಿತೆಂದು ಅಲ್ಲಿಂದ ಸುದ್ದಿ ಬಂತು. ಆಯಿತೆಂದು ಇಲ್ಲಿಯೂ ಬರೆದುಕೊಂಡರು.

ಸೂಲಗಿತ್ತಿ ಮತ್ತೆ ಬಂದಳು. “ಇದು ಮುಗಿದ ದೂರು ತಾಯಿ, ಸುಮ್ಮನೆ ಹೊಸದು ಹುಟ್ಟಿಸಬೇಡ” ಎಂದು ಕಳಿಸಿದರು. ಆ ದಡದ ಚಾವಡಿಗೆ ಹೋದಳು. “ನಿಮ್ಮ ಊರಿನ ದೂರು ನಿಮ್ಮ ಚಾವಡಿಯಿಂದಲೇ ಬರಬೇಕು” ಎಂದರು. ಅವಳು ಹಲ್ಲು ಕಚ್ಚಿಕೊಂಡು ಹಿಂದಿರುಗಿದಳು.

ಒಂದು ಬೆಳಿಗ್ಗೆ ಆ ದಡದಲ್ಲಿ ಒಬ್ಬಳಿಗೆ ನೋವು ಕಾಣಿಸಿಕೊಂಡಿತು. ಸೂಲಗಿತ್ತಿ ಓಡಿದಳು. ನಡುವಿನ ಹಲಗೆ ಮುರಿದು, ತೊಡೆಯವರೆಗೆ ಕಾಲು ಸಿಕ್ಕಿಕೊಂಡಿತು. ಯಾರೋ ಬಂದು ಬಿಡಿಸುವ ಹೊತ್ತಿಗೆ ಬಿಸಿಲು ಏರಿತ್ತು. ಅವಳು ಕುಂಟುತ್ತ ಹೋಗಿ ಮಗುವನ್ನು ಉಳಿಸಿದಳು. ತಾಯಿ ಉಳಿಯಲಿಲ್ಲ.

ಕೈಯ ರಕ್ತವನ್ನೂ ತೊಳೆಯದೆ ಅವಳು ಎರಡೂ ಚಾವಡಿಯ ಅಧಿಕಾರಿಗಳನ್ನು ಸೇತುವೆಗೆ ಕರೆಸಿದಳು. ಅವರು ತಂತಮ್ಮ ದಡದಲ್ಲಿ ನಿಂತು, ತಮ್ಮಲ್ಲಿ ತಪ್ಪಿಲ್ಲವೆಂದೂ, ಎರಡೂ ಕಡೆ ದೂರು ಮುಗಿದಿದೆಯೆಂದೂ ಕೂಗಿ ಹೇಳಿದರು.

“ಮುಗಿದಿದ್ದರೆ ನಡೆದು ಬನ್ನಿ!” ಎಂದು ಅವಳು ಗುಡುಗಿದಳು. “ನೀವು ಅಲ್ಲಿಂದ, ನೀವು ಇಲ್ಲಿಂದ. ನಡುವೆ ಒಬ್ಬರಿಗೊಬ್ಬರು ಕೈ ಕೊಟ್ಟು ಹೇಳಿ, ಮುಗಿದಿದೆ ಅಂತ!”

ಇಬ್ಬರೂ ಹೆಜ್ಜೆ ಎತ್ತಲಿಲ್ಲ.

ಗುರುಗಳು ಮಾತು ನಿಲ್ಲಿಸಿದರು. ಸಂಗಯ್ಯನ ಮುಖ ಕೆಂಪೇರಿತ್ತು. “ಅವರಿಬ್ಬರನ್ನೂ ಹೊಳೆಗೆ ನೂಕಬೇಕಿತ್ತು!” ಎಂದ.

“ಸಂಗಯ್ಯ, ನಿನಗೆ ದೂರು ಕೊಟ್ಟ ರೋಗಿಯ ಹಾಸಿಗೆಯ ಬಳಿಗೆ ನೀನು ಹೋಗಿ ನಿಂತದ್ದು ಯಾವಾಗ?”

ಸಂಗಯ್ಯ ಎದ್ದು ಆಸ್ಪತ್ರೆಯ ಕಡೆಗೆ ನಡೆದ.